ಉಪ್ಪು ನೋಡುವ ಬೆರಳು

ಅವರ ಬಲಗೈಯ ಕಿರುಬೆರಳಿನ ಉಗುರು ಸದಾ ಕಪ್ಪಾಗಿರುತ್ತಿತ್ತು. ಗ್ರೀಸು, ಮಸಿ, ತುಕ್ಕು ಎಲ್ಲ ಸೇರಿ ಉಗುರಿನ ಸುತ್ತ ಒಂದು ಅಂಚು ಕಟ್ಟಿತ್ತು. ಯಾವ ಸೋಪಿಗೂ ಅದು ಬಗ್ಗುತ್ತಿರಲಿಲ್ಲ. ಆ ಬೆರಳನ್ನು ಅವರು ದೋಣಿಯ ಹೊಗೆಕೊಳವೆಯಿಂದ ಬೀಳುವ ನೀರಿಗೆ ಒಡ್ಡಿ ನೇರವಾಗಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ಸಾರಿಗೆ ಉಪ್ಪು ಹಿಡಿದಿದೆಯೇ ಎಂದು ನೋಡುವವರ ಹಾಗೆ ಕಣ್ಣು ಅರ್ಧ ಮುಚ್ಚಿ, ಒಂದು ಗಳಿಗೆ ಬಾಯಾಡಿಸಿ, "ಇನ್ನೂ ಉಂಟು" ಎಂದು ಪಕ್ಕಕ್ಕೆ ಉಗುಳುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನನಗೆ ಹೇಸಿಗೆಯಾಯಿತು. ಸುಳ್ಳೇಕೆ ಹೇಳಲಿ, ಹತ್ತನೆಯ ಸಲ ನೋಡಿದಾಗಲೂ ಆಯಿತು. ನಾನು ಚಿಕ್ಕಂದಿನಿಂದಲೂ ಎಲ್ಲದಕ್ಕೂ ಮೂಗು ಮುರಿಯುವವನು. ಇನ್ನೊಬ್ಬರು ಕುಡಿದ ಲೋಟ ಮುಟ್ಟಿದರೆ ಕೈ ತೊಳೆದುಕೊಳ್ಳುವ ಪೈಕಿ.

ಅವರು ನನಗೆ ನಂಟರಲ್ಲ. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ನಾನು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಒಬ್ಬ ಕನ್ನಡದ ಹೆಣ್ಣುಮಗಳಿದ್ದರು, ಅವರ ತಂದೆ. ಮಲ್ಪೆಯ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತ ಬದುಕು ಕಳೆದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದರು. ಕಾಂಪ್ಲೆಕ್ಸಿನ ಕನ್ನಡದವರೆಲ್ಲ ಅವರನ್ನು ಮಾವ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಅವರ ಪರಿಚಯವಾದದ್ದು ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ನನ್ನ ಬಟ್ಟೆಗಳಿಂದ ಡೀಸೆಲ್ ನಾತ ಹೊಡೆಯುತ್ತಿತ್ತು. ಅಕ್ಕಪಕ್ಕದ ಹೆಂಗಸರು ನಾನು ಬಳಸಿದ ಮಶೀನಿಗೆ ಬಟ್ಟೆ ಹಾಕದೆ ಕಾಯುತ್ತ ನಿಂತಿದ್ದರು. ಇವರು ಮಾತ್ರ ಬಂದವರೇ ಮೂಗು ಅರಳಿಸಿದರು.

"ಡೀಸೆಲ್ ಅಲ್ವಾ? ಅದೂ ಬೋಟಿನ ಡೀಸೆಲ್. ಎಲ್ಲಿ ಉಂಟು ಮಾರಾಯ್ರೆ ನಿಮ್ಮ ಬೋಟು?"

ಬೋಟು ಇತ್ತು. ಹೇಗಿತ್ತು ಎಂದು ಹೇಳಲೂ ನಾಚಿಕೆ. ಅದು ಡಾಟ್‌ಕಾಮ್ ಕಾಲ. ಕಂಪನಿಯ ಹೆಸರಿನ ಹಿಂದೆ ಒಂದು ಚುಕ್ಕಿ ಇದ್ದರೆ ಸಾಕು, ಮನುಷ್ಯ ನೆಲ ಬಿಟ್ಟು ಒಂದಡಿ ಮೇಲೆ ನಡೆಯುತ್ತಿದ್ದ. ಮೌಂಟನ್ ವ್ಯೂನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಏನು ಮಾರುತ್ತದೆ ಎಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಆದರೆ ವಾರಕ್ಕೊಂದು ಪಾರ್ಟಿ, ತಿಂದು ಬಿಟ್ಟ ತಟ್ಟೆಗಳ ರಾಶಿ, ಕಾರ್ಪೆಟ್ಟಿನ ಮೇಲೆ ಚೆಲ್ಲಿದ ಶಾಂಪೇನು. ಆ ಅಮಲಿನಲ್ಲಿ ನಾವು ಮೂವರು, ಅಂದರೆ ನಾನು, ಹುಬ್ಬಳ್ಳಿಯವನೊಬ್ಬ, ಬೆಂಗಳೂರಿನವನೊಬ್ಬ, ಸೇರಿ ಡೀಸೆಲ್ ಎಂಜಿನ್ನೂ ಇದ್ದ ಒಂದು ಹಳೆಯ ಹಾಯಿದೋಣಿ ಕೊಂಡೆವು. ಮಂಡ್ಯದ ಕಡೆಯ ನಾನು ಕಟ್ಟೆಯ ನೀರು ಬಿಟ್ಟರೆ ಬೇರೆ ನೀರು ಕಂಡವನಲ್ಲ. ಹುಬ್ಬಳ್ಳಿಯವನಿಗೆ ಈಜು ಬರುತ್ತಿರಲಿಲ್ಲ. ಬೆಂಗಳೂರಿನವನಿಗೆ ಫೋಟೋ ಬೇಕಿತ್ತು. ದೋಣಿ ಆಲಮೀಡಾದ ಒಂದು ಮರೀನಾದಲ್ಲಿ, ಬಾಡಿಗೆಗೆ ದೋಣಿ ನಿಲ್ಲಿಸುವ ಬಂದರಿನಲ್ಲಿ, ಕಟ್ಟಿಹಾಕಿಸಿಕೊಂಡು ನಿಂತಿತ್ತು. ಅದರ ತಳದಲ್ಲಿ ಸದಾ ಒಂದು ಗೇಣು ಕೊಳಕು ನೀರು, ಅದರ ಮೇಲೆ ಎಣ್ಣೆಯ ಬಣ್ಣ, ಯಾರೋ ತಿಂದು ಬಿಸಾಕಿದ ಆಲೂಗಡ್ಡೆ ಚಿಪ್ಸು. ಒಳಗಿನ ಪಾಯಖಾನೆಯ ವಿಷಯ ಬರೆಯುವುದಿಲ್ಲ.

ಮಾವ ಮೊದಲ ಸಲ ಬಂದಾಗ ನಾವು ತೋರಿಸಿದ ಹಾಯಿಯನ್ನಾಗಲಿ ಪಾಲಿಶ್ ಮಾಡಿದ ಮರವನ್ನಾಗಲಿ ನೋಡಲಿಲ್ಲ. ಒಳಗಿಳಿಯುವ ಮೆಟ್ಟಿಲು ಎತ್ತಿ ಅದರ ಹಿಂದಿನ ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ತುಕ್ಕು ಹಿಡಿದ ಒಂದೊಂದು ಪೈಪನ್ನೂ ಬೆರಳಿನಿಂದ ಸವರಿದರು. ಕೊನೆಗೆ, "ಪಾಪ" ಎಂದರು. ಅದು ಎಂಜಿನ್ನಿಗೆ ಹೇಳಿದ್ದು.

ಅಕ್ಟೋಬರ್ ಮುಗಿಯುತ್ತಿತ್ತು. ಇನ್ನು ವಸಂತದವರೆಗೆ ದೋಣಿ ತೆಗೆಯುವ ಉಮೇದು ನಮಗೆ ಯಾರಿಗೂ ಇರಲಿಲ್ಲ. ಹಾಗಾದರೆ ಎಂಜಿನ್ನನ್ನು ಮಲಗಿಸಬೇಕು ಎಂದರು ಮಾವ. ಮಲ್ಪೆಯಲ್ಲಿ ಮಳೆಗಾಲ ಬಂತೆಂದರೆ ಬೋಟುಗಳೆಲ್ಲ ಕಡಲು ಬಿಟ್ಟು ಮೇಲೆ ಬರುತ್ತವೆ. ಆಗ ಒಂದೊಂದು ಎಂಜಿನ್ನನ್ನೂ ಸಿಹಿನೀರಲ್ಲಿ ತೊಳೆದು, ಎಣ್ಣೆ ಕುಡಿಸಿ ಮಲಗಿಸುವುದು ಅವರ ಕೆಲಸವಾಗಿತ್ತಂತೆ. ಅದನ್ನು ಕೇಳಿ ಬೆಂಗಳೂರಿನವನು ನಕ್ಕ.

"ಅಂಕಲ್, ಇದು ಕ್ಯಾಲಿಫೋರ್ನಿಯಾ. ಇಲ್ಲಿ ಸ್ನೋ ಬೀಳಲ್ಲ. ವಿಂಟರೈಸು ಗಿಂಟರೈಸು ಎಲ್ಲ ಚಿಕಾಗೋದವ್ರಿಗೆ."

"ಹಿಮಕ್ಕೆ ಅಲ್ಲ ಮಾರಾಯ್ರೆ, ಉಪ್ಪಿಗೆ" ಎಂದರು ಮಾವ. "ನೀವು ಓಡಿಸ್ತೀರಿ, ನಿಲ್ಲಿಸ್ತೀರಿ, ಮನೆಗೆ ಹೋಗಿ ಊಟ ಮಾಡಿ ಮಲಗ್ತೀರಿ. ಇದರ ಹೊಟ್ಟೆಯಲ್ಲಿ ಉಪ್ಪುನೀರು ನಿಂತುಕೊಂಡೇ ಉಂಟು. ಅದು ಸುಮ್ಮನೆ ಕೂತ್ಕೊಳ್ಳುದಿಲ್ಲ. ತಿಂತದೆ."

ಮಿಕ್ಕ ಇಬ್ಬರಿಗೂ ಪುರುಸೊತ್ತಿರಲಿಲ್ಲ. ಮುಂದಿನ ಶನಿವಾರ ಮಾವನ ಜೊತೆ ಹೋದವನು ನಾನೊಬ್ಬನೇ. ಹೋಗದಿದ್ದರೆ ಈಗ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಅವರು ಕೆಲಸ ಮಾಡುವ ರೀತಿ ಹೇಳಬೇಕು. ದೋಣಿಯ ಎಂಜಿನ್ನು ಸಮುದ್ರದ ನೀರನ್ನೇ ಒಳಗೆ ಎಳೆದುಕೊಂಡು ತನ್ನನ್ನು ತಂಪು ಮಾಡಿಕೊಳ್ಳುತ್ತದೆ. ಆ ನೀರು ಹೊಗೆಯ ಜೊತೆ ಬೆರೆತು ಒಂದು ಡಬ್ಬಿಗೆ ಬಂದು, ಅಲ್ಲಿಂದ ಹಿಂಬದಿಯ ಕೊಳವೆಯಲ್ಲಿ ಹೊರಗೆ ಬೀಳುತ್ತದೆ. ಆ ಡಬ್ಬಿಯನ್ನು ಮಾವ ಸೈಲೆನ್ಸರ್ ಎನ್ನುತ್ತಿದ್ದರು. ಮೊದಲು ಎಂಜಿನ್ ಓಡಿಸಿ ಬಿಸಿ ಮಾಡಿ, ಹಳೆಯ ಎಣ್ಣೆ ತೆಗೆದು ಹೊಸದು ಹಾಕಿದರು. ಕರ್ರನೆಯ ಹಳೆ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸಿದರು. ನಾನು ಮುಖ ಆ ಕಡೆ ತಿರುಗಿಸಿದೆ. ಆಮೇಲೆ ಸಮುದ್ರದ ನೀರನ್ನು ಒಳಗೆ ಬಿಡುವ ತಳದ ವಾಲ್ವು ಮುಚ್ಚಿ, ಪೈಪನ್ನು ಒಂದು ಬಕೆಟ್ ಸಿಹಿನೀರಿಗೆ ಇಳಿಬಿಟ್ಟು ಎಂಜಿನ್ ಓಡಿಸಿದರು. ನನಗೆ ಬಕೆಟ್ಟಿಗೆ ನೀರು ತುಂಬುವ ಕೆಲಸ. ಅವರು ಹಿಂಬದಿಗೆ ಹೋಗಿ ಹೊಟ್ಟೆ ಅಡಿ ಮಾಡಿ ಮಲಗಿ, ಕೊಳವೆಯಿಂದ ಬೀಳುವ ಮಸಿನೀರಿಗೆ ಬೆರಳು ಒಡ್ಡಿ ನೆಕ್ಕಿದರು.

"ಇನ್ನೂ ಉಂಟು."

ಮತ್ತೊಂದು ಬಕೆಟ್. ಮತ್ತೆ ಬೆರಳು. ಮತ್ತೆ "ಇನ್ನೂ ಉಂಟು". ಐದನೆಯ ಬಕೆಟ್ಟಿಗೆ ಅವರು ಉಗುಳಲಿಲ್ಲ, ನುಂಗಿದರು.

"ಹೋಯ್ತು" ಎಂದರು.

"ಮಾವ, ಅದಕ್ಕೆ ಟೆಸ್ಟ್ ಸ್ಟ್ರಿಪ್ ಸಿಗುತ್ತೆ. ಅಂಗಡಿಯಿಂದ ತಂದುಕೊಡ್ತೀನಿ. ಬಾಯಿಗೆ ಹಾಕ್ಕೋಬೇಡಿ, ದಯವಿಟ್ಟು" ಎಂದೆ. ನನ್ನ ದನಿಯಲ್ಲಿ ಅಸಹ್ಯ ಕೇಳಿಸಿರಬೇಕು.

"ಆ ಕಾಗದ ತಯಾರು ಮಾಡಿದವ ಎಂಥ ತಿಂದಿದ್ದಾನೋ ಯಾರಿಗೆ ಗೊತ್ತು" ಎಂದು ಅವರು ನಕ್ಕರು.

ಕೊನೆಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವವನ್ನು ಬಕೆಟ್ಟಿಗೆ ಸುರಿದು, ಹಿಂದಿನ ಕೊಳವೆಯಲ್ಲೂ ಗುಲಾಬಿಯೇ ಬರುವವರೆಗೆ ಓಡಿಸಿ ನಿಲ್ಲಿಸಿದರು. ಅದನ್ನೂ ನೆಕ್ಕಿದರು. ವಿಷ ಎಂದು ನಾನು ಕೂಗಿದೆ. ಅವರು ಕ್ಯಾನು ತಿರುಗಿಸಿ, ಕುಡಿಯುವ ನೀರಿನ ಪೈಪಿಗೂ ಹಾಕಬಹುದು ಎಂದು ಬರೆದಿದ್ದನ್ನು ತೋರಿಸಿದರು. "ಇದು ಸಿಹಿ. ಸೈಲೆನ್ಸರ್ ಒಳಗೆ ಚಳಿಗಾಲ ಪೂರ್ತಿ ಇದೇ ಇರ್ತದೆ. ಏಪ್ರಿಲ್‌ನಲ್ಲಿ ತೆಗೆದು ನೋಡಿದ್ರೂ ಸಿಹಿಯೇ ಇರ್ಬೇಕು."

ಅಲ್ಲಿಗೆ ಮುಗಿಯಲಿಲ್ಲ. ತಮ್ಮ ಹಳೆಯ ನೀಲಿ ಚೌಕುಳಿ ಲುಂಗಿಯನ್ನು ಚೀಲದಿಂದ ತೆಗೆದು ಎರಡು ತುಂಡು ಹರಿದರು. ಎಣ್ಣೆಯಲ್ಲಿ ಅದ್ದಿ, ಒಂದನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ, ಇನ್ನೊಂದನ್ನು ಹಿಂದಿನ ಹೊಗೆಕೊಳವೆಯ ಬಾಯಿಗೆ ಬಿಗಿಯಾಗಿ ತುರುಕಿದರು. ತೇವದ ಗಾಳಿ ಒಳಗೆ ಹೋಗಬಾರದಂತೆ. ಎಂಜಿನ್ನಿನ ಕೀಲಿಯನ್ನು ಕೆಂಪು ದಾರದಲ್ಲಿ ಮುಚ್ಚಿದ ವಾಲ್ವಿನ ಹಿಡಿಗೆ ಕಟ್ಟಿದರು.

"ಕೀಲಿ ಬೇಕಾದವ ಇಲ್ಲಿಗೇ ಬರ್ಬೇಕು. ಬಂದಾಗ ವಾಲ್ವು ಮುಚ್ಚಿದ್ದು ಕಾಣ್ತದೆ. ಆಗ ನೆನಪಾಗ್ತದೆ, ಓ, ಇದು ಮಲಗಿ ಉಂಟು ಅಂತ" ಎಂದು ನನ್ನ ಮುಖದ ಮುಂದೆ ಎರಡು ಬೆರಳು ಹಿಡಿದರು. "ಎರಡು ಬಟ್ಟೆ. ಎರಡೂ ತೆಗೀಬೇಕು. ನಂತರ ವಾಲ್ವು. ನಂತರ ಕೀಲಿ. ಹೇಳಿ ನೋಡುವ."

ನಾನು ಶಾಲೆಯ ಹುಡುಗನ ಹಾಗೆ ಹೇಳಿದೆ. ನನ್ನ ಗಮನವೆಲ್ಲ ಕೈ ತೊಳೆಯುವುದರ ಮೇಲಿತ್ತು.

ಪಕ್ಕದ ದೋಣಿಯಲ್ಲಿ ಒಬ್ಬ ಅಮೆರಿಕನ್ ಮುದುಕಿ ವಾಸವಾಗಿದ್ದಳು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳು ಇದನ್ನೆಲ್ಲ ನೋಡುತ್ತ ಕೂತಿದ್ದವಳು, ತನ್ನ ಎಂಜಿನ್ನನ್ನೂ ಹೀಗೇ ಮಾಡಿಕೊಡುತ್ತಾರಾ ಎಂದು ಕೇಳಿದಳು. ಮುಂದಿನ ಶನಿವಾರ ಅವಳದು. ಅದರ ಮುಂದಿನ ಶನಿವಾರ ಇನ್ನೊಬ್ಬರದು. ಡಿಸೆಂಬರ್ ಬರುವ ಹೊತ್ತಿಗೆ ಮಾವ ದೋಣಿ ಕಟ್ಟುವ ಆ ಮರದ ಕಟ್ಟೆಯ ಆರು ದೋಣಿಗಳನ್ನು, ನಮ್ಮದೂ ಸೇರಿ, ಮಲಗಿಸಿದ್ದರು. ಮರೀನಾದ ರಿಪೇರಿಯವನು ಊರು ಬಿಡುವವನಿದ್ದ. ಆಫೀಸಿನವರು ಮಾವನ ಹೆಸರಿನ ಒಂದು ಕಾರ್ಡನ್ನು ನೋಟೀಸ್ ಬೋರ್ಡಿಗೆ ಚುಚ್ಚಲು ಒಪ್ಪಿದರು. ವಸಂತಕ್ಕೆ ಆರೂ ದೋಣಿಗಳನ್ನು ಎಬ್ಬಿಸಿಕೊಟ್ಟರೆ ಆಮೇಲೆ ಕೆಲಸಕ್ಕೆ ಕೊರತೆಯಿಲ್ಲ ಎಂದಿದ್ದರಂತೆ.

ಆ ಚಳಿಗಾಲ ಮಾವ ಬೇರೆಯೇ ಮನುಷ್ಯರಾದರು. ಬಂದ ಹೊಸದರಲ್ಲಿ ಅವರು ಮಗಳ ಮನೆಯಲ್ಲಿ ಟೀವಿ ಹಾಕದೆ ಟೀವಿಯ ಮುಂದೆ ಕೂತಿರುತ್ತಿದ್ದರು ಎಂದು ಮಗಳೇ ಹೇಳಿದ್ದರು. ಈಗ ಬೆಳಿಗ್ಗೆ ಎದ್ದು ಮುಖಕ್ಷೌರ ಮಾಡಿಕೊಂಡು, ಹೊಸ ಟೂಲ್‌ಬಾಕ್ಸಿನ ಸ್ಪ್ಯಾನರುಗಳನ್ನು ಬಾಲ್ಕನಿಯಲ್ಲಿ ಹರಡಿಕೊಂಡು ಒರೆಸುತ್ತಿದ್ದರು. ಆ ಕಾರ್ಡಿನ ಒಂದು ಪ್ರತಿಯನ್ನು ನನಗೆ ನಾಲ್ಕು ಸಲ ತೋರಿಸಿದ್ದಾರೆ. ನಾಲ್ಕನೆಯ ಸಲ ತೋರಿಸುವಾಗ, "ನಿಮಗೆ ತೋರಿಸಿದ್ದೇನಾ?" ಎಂದು ಕೇಳಿದರು. ಇಲ್ಲ ಎಂದೆ. ನನ್ನ ಕಡೆಯಿಂದ ಅವರಿಗಾದ ಒಳ್ಳೆಯದು ಎಂದರೆ ಅದೊಂದೇ ಇರಬೇಕು.

ಯುಗಾದಿ ಬಂತು. ಹುಬ್ಬಳ್ಳಿಯವನ ತಾಯಿ ಫೋನು ಮಾಡಿ ಮಗನಿಗೆ ಒಂದು ಮುಹೂರ್ತ ಹೇಳಿದ್ದರು. ಹಬ್ಬದ ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆ, ಆ ಹೊತ್ತಿನಲ್ಲಿ ಯಾವ ವಾಹನ ಶುರು ಮಾಡಿದರೂ ವರ್ಷವೆಲ್ಲ ಏಳಿಗೆ. ಅವನ ಕಂಪನಿಯ ಶೇರು ಆ ವಾರ ಇಳಿಯತೊಡಗಿತ್ತು. ಕಾರಿಗಿಂತ ದೋಣಿ ದೊಡ್ಡ ವಾಹನ ಎಂದು ಅವನ ಲೆಕ್ಕ. ಹಬ್ಬದ ದಿನವೇ ಎಂಜಿನ್ ಎಬ್ಬಿಸಿಕೊಡುತ್ತೀರಾ ಎಂದು ನಾನು ಮಾವನನ್ನು ಕೇಳಿದೆ.

"ನಿಮ್ಮ ಯುಗಾದಿ ನಂಗೆ ಗೊತ್ತಿಲ್ಲ. ನಮ್ಮ ಹೊಸ ವರ್ಷ ಬಿಸು, ಇನ್ನೂ ಎಂಟು ದಿನ ಉಂಟು" ಎಂದರು. "ಬಿಸು ಕಳೀಲಿ. ಆ ಶನಿವಾರ ಬಂದು ಆರನ್ನೂ ಒಟ್ಟಿಗೆ ಎಬ್ಬಿಸ್ತೇನೆ. ಮೊದಲು ನಿಮ್ಮದೇ. ಅಲ್ಲಿವರೆಗೆ ಮುಟ್ಟಬೇಡಿ ಆಯ್ತಾ?"

ಆಯಿತು ಎಂದು ಬಂದೆ. ಗೆಳೆಯರಿಗೂ ಹೇಳಿದೆ. "ಮಾವಾರು ಯಾಕ ಬೇಕಲೇ? ನೀ ಎಲ್ಲಾ ಕಲತೀಯಲ್ಲ" ಎಂದ ಹುಬ್ಬಳ್ಳಿಯವನು. ಕಲಿತಿದ್ದೇನೆ ಎಂದು ಚಳಿಗಾಲ ಪೂರ್ತಿ ಕೊಚ್ಚಿಕೊಂಡವನು ನಾನೇ. ಈಗ ಇಲ್ಲ ಎನ್ನುವುದು ಹೇಗೆ?

ಹಬ್ಬದ ಬೆಳಿಗ್ಗೆ ಮೂವರೂ ಆಫೀಸಿಗೆ ಚಕ್ಕರ್ ಹೊಡೆದು ಮರೀನಾಕ್ಕೆ ಹೋದೆವು. ಹುಬ್ಬಳ್ಳಿಯವನು ರೇಷ್ಮೆ ಪಂಚೆಯ ಮೇಲೆ ಕಂಪನಿಯ ಜಾಕೆಟ್ಟು ಹಾಕಿದ್ದ. ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದೆವು, ಸ್ಟಿಯರಿಂಗಿಗೆ ಹೂವು ಸುತ್ತಿದೆವು, ಬೇವಿನ ಎಲೆ ಸಿಗದೆ ಯಾವುದೋ ಪುಡಿಯನ್ನು ಬೆಲ್ಲದಲ್ಲಿ ಕಲಸಿ ತಿಂದೆವು. ಬೂದುಗುಂಬಳ ಸಿಗಲಿಲ್ಲವೆಂದು ಗ್ರೋಸರಿ ಅಂಗಡಿಯ ಇನ್ಯಾವುದೋ ಕಾಯಿಗೆ ಕುಂಕುಮ ತುಂಬಿ ಕಟ್ಟೆಯ ಹಲಗೆಗಳ ಮೇಲೆ ಒಡೆದೆವು. ಕೆಂಪು ತಿರುಳು ನಾಲ್ಕೂ ಕಡೆ ಸಿಡಿಯಿತು. ಕಡಲಹಕ್ಕಿಗಳು ಬಂದು ಕಿತ್ತಾಡಿ ತಿಂದು, ಅಲ್ಲೇ ಹಿಕ್ಕೆ ಹಾಕಿದವು. ಮುದುಕಿ ತನ್ನ ದೋಣಿಯ ಮುಂದಿನ ಹಲಗೆಗಳನ್ನು ಪೈಪು ಹಿಡಿದು ತೊಳೆದಳು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ.

ಇದೆಲ್ಲ ಆಗುವಷ್ಟರಲ್ಲಿ ಒಂಬತ್ತೂಕಾಲು. ನಾನು ಗಾಳಿಯ ಬಾಯಿಗೆ ತುರುಕಿದ್ದ ಲುಂಗಿಯ ತುಂಡು ತೆಗೆದೆ. ವಾಲ್ವು ತೆರೆದೆ. ಕೆಂಪು ದಾರ ಬಿಚ್ಚಿ ಕೀಲಿ ತೆಗೆದುಕೊಂಡೆ. ಹಿಂದಿನ ಬಟ್ಟೆ ನನಗೆ ನೆನಪಾಗಲಿಲ್ಲ. ಮರೆತೆ, ಅಷ್ಟೇ. ಅದಕ್ಕೆ ಬೇರೆ ಕಾರಣವಿಲ್ಲ.

ಎಂಜಿನ್ ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಹುಬ್ಬಳ್ಳಿಯವನು ಗಡಿಯಾರ ನೋಡುತ್ತ ನಿಂತಿದ್ದ.

"ಟೈಮ್ ಹೊಂಟೈತಿ. ಮತ್ತೊಮ್ಮಿ ಹೊಡಿ."

ಮತ್ತೊಮ್ಮೆ ಹೊಡೆದೆ.

"ಮಗಾ, ನಿಲ್ಲಿಸ್ಬೇಡ, ಹಿಡ್ಕೊಂಡೇ ಇರು" ಎಂದ ಬೆಂಗಳೂರಿನವನು. ಅವನ ಕೈಯಲ್ಲಿ ಕ್ಯಾಮೆರಾ ಇತ್ತು.

ಎಂಜಿನ್ ತಿರುಗಿದಷ್ಟು ಹೊತ್ತೂ ಸಮುದ್ರದ ನೀರನ್ನು ಎಳೆದು ಎಳೆದು ಸೈಲೆನ್ಸರಿಗೆ ತುಂಬುತ್ತದೆ. ಹೊರಹೋಗುವ ಬಾಯಿ ಮುಚ್ಚಿದೆ. ಡಬ್ಬಿ ತುಂಬಿದ ನೀರು ಎಲ್ಲಿಗೆ ಹೋಗಬೇಕು? ಬಂದ ದಾರಿಯಲ್ಲೇ ಹಿಂದಕ್ಕೆ, ಎಂಜಿನ್ನಿನ ಎದೆಯೊಳಕ್ಕೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಒಂಬತ್ತು ಇಪ್ಪತ್ತೆಂಟಕ್ಕೆ ಅದು ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು, ಗೆಳೆಯರಿಬ್ಬರೂ ಚಪ್ಪಾಳೆ ತಟ್ಟಿದರು, ಒಳಗೆ ಠಕ್ ಎಂದು ಕಬ್ಬಿಣ ಮುರಿದ ಶಬ್ದವಾಯಿತು, ಆಮೇಲೆ ಕೀಲಿ ತಿರುಗಿಸಿದರೆ ಉಸಿರೇ ಇಲ್ಲ.

ಅವರಿಬ್ಬರೂ ಎಂಜಿನ್ನಿನ ಮುಂದೆ ಕೂತು ಯಾವ ತಂತಿ ಎಳೆಯಲಿ ಎಂದು ವಾದಿಸುತ್ತಿದ್ದಾಗ ನನಗೆ ಎರಡು ಬೆರಳು ನೆನಪಾದವು. ಗಾಳಿಗೆಂಬಂತೆ ಮೇಲೆ ಬಂದೆ. ಹಿಂಬದಿಗೆ ಹೋಗಿ ಬಾಗಿ, ಕೊಳವೆಯ ಬಾಯಿಂದ ನೀಲಿ ಚೌಕುಳಿ ಬಟ್ಟೆಯನ್ನು ಕಿತ್ತೆ. ಬಕೆಟ್ ಬೋರಲು ಹಾಕಿದಂತೆ ನೀರು ಧೊಪ್ಪನೆ ಬಿತ್ತು. ಯಾರೂ ನೋಡಲಿಲ್ಲ. ಆ ಬಟ್ಟೆಯನ್ನು ಕಂಪನಿಯ ಹೆಸರಿದ್ದ ನನ್ನ ಜಾಕೆಟ್ಟಿನ ಜೇಬಿಗೆ ತುರುಕಿಕೊಂಡೆ. ಯಾರೋ ನೆಕ್ಕಿದ ನೀರಿಗೆ ಹೇಸಿಕೊಳ್ಳುತ್ತಿದ್ದ ನಾನು ಇದನ್ನು ಮಾಡುವಾಗ ಒಂದಿಷ್ಟೂ ಹೇಸಲಿಲ್ಲ.

ಮಾವನಿಗೆ ಫೋನು ಹೋಯಿತು. ಮಗಳು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕರೆತಂದು ಬಿಟ್ಟು, ಮೀಟಿಂಗಿದೆ ಎಂದು ಹಿಂತಿರುಗಿದರು. ಮಾವ ಕುಂಕುಮ ಹಚ್ಚಿದ ಎಂಜಿನ್ನನ್ನು ನೋಡಿದರು, ಒಡೆದ ಕಾಯಿಯನ್ನು ನೋಡಿದರು. ಸೈಲೆನ್ಸರಿನ ಕೆಳಗಿನ ತಿರುಪು ಬಿಚ್ಚಿ, ಸೋರಿದ ನೀರಿಗೆ ಕಿರುಬೆರಳು ಒಡ್ಡಿ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಅರ್ಧ ಮುಚ್ಚಿದರು.

"ಉಪ್ಪು" ಎಂದರು.

"ಅಂಕಲ್, ನೀವು ಆ ಪಿಂಕ್ ನೀರು ಹಾಕಿದ್ದಕ್ಕೇ ಹಿಂಗಾಗಿರೋದು" ಎಂದ ಬೆಂಗಳೂರಿನವನು. "ನಾನು ಅವತ್ತೇ ಹೇಳ್ದೆ, ಇಲ್ಲಿ ಇದೆಲ್ಲ ಬೇಡ ಅಂತ."

ಮಾವ ಅವನ ಕಡೆ ತಿರುಗಲಿಲ್ಲ. ನನ್ನನ್ನು ಕೇಳಿದರು. "ಬಟ್ಟೆ ಎರಡೂ ತೆಗ್ದಿದ್ರಾ?"

"ತೆಗೆದಿದ್ದೆ" ಎಂದೆ.

"ಕೀಲಿ ತಿರುಗಿಸುವ ಮೊದಲೇ?"

"ಹೌದು ಮಾವ."

ಅವರ ಕಣ್ಣು ನನ್ನ ಮುಖದಿಂದ ಕೆಳಗಿಳಿದು ಜಾಕೆಟ್ಟಿನ ಜೇಬಿನ ಮೇಲೆ ನಿಂತಿತು. ನಾನೂ ನೋಡಿಕೊಂಡೆ. ಬಟ್ಟೆಯ ಎಣ್ಣೆ ಹೊರಗೆ ಇಳಿದು, ಬೂದು ಬಣ್ಣದ ಜಾಕೆಟ್ಟಿನ ಮೇಲೆ ಅಂಗೈಯಗಲ ಕಪ್ಪು ಕಲೆಯಾಗಿತ್ತು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಜೇಬಿಗೆ ಕೈ ಹಾಕು ಎಂದಿದ್ದರೆ ಸಾಕಿತ್ತು. ಅವರು ಬೆರಳನ್ನು ಅಂಗಿಗೆ ಒರೆಸಿಕೊಂಡು ಎದ್ದರು.

"ಮಲಗಿಸಿದವ ನಾನು. ಎಬ್ಬಿಸ್ಲಿಕ್ಕೂ ನಾನೇ ಬರ್ಬೇಕಿತ್ತು" ಎಂದರು.

ಮಿಕ್ಕ ಇಬ್ಬರೂ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು. ನಾನು ಬಾಯಿ ಬಿಡಲಿಲ್ಲ. ಅದೇ ತಿಂಗಳಲ್ಲಿ ನನ್ನ ಕೆಲಸ ಹೋಗುವ ಭಯವಿತ್ತು ಎಂದು ಬರೆದು ಓದುವವರ ಮರುಕ ಗಿಟ್ಟಿಸಬಹುದು. ಆದರೆ ಕೆಲಸ ಹೋದದ್ದು ಎಷ್ಟೋ ತಿಂಗಳಾದ ಮೇಲೆ. ಅವತ್ತು ನನಗಿದ್ದದ್ದು ಇಬ್ಬರು ಗೆಳೆಯರ ಮುಂದೆ ದಡ್ಡನಾಗುವ ಭಯ, ಅಷ್ಟೇ. ಆ ಇಬ್ಬರೂ ಈಗ ನನ್ನ ಜೊತೆ ಮಾತಿನಲ್ಲೂ ಇಲ್ಲ.

ಬೆಂಗಳೂರಿನವನು ಅವತ್ತೇ ಮರೀನಾದ ಆಫೀಸಿಗೆ ಹೋಗಿ ದೂರು ಕೊಟ್ಟ. ನೋಟೀಸ್ ಬೋರ್ಡಿನ ಕಾರ್ಡು ಸಂಜೆಗೆ ಇರಲಿಲ್ಲ. ನಾಲ್ಕು ದೋಣಿಯವರು ಬೇರೆ ಮೆಕ್ಯಾನಿಕ್ಕನನ್ನು ಕರೆಸಿಕೊಂಡರು. ನಮ್ಮ ಕನ್ನಡದ ಬಳಗದಲ್ಲಿ, ಸರಟೋಗಾ ಊರಿನ ಪಾರ್ಟಿಗಳಿಂದ ಹಿಡಿದು ನಮ್ಮ ಕಾಂಪ್ಲೆಕ್ಸಿನವರೆಗೆ, ಮಾವ ಎಂಜಿನ್ ಕೊಂದ ಕಥೆಯನ್ನು ಹುಬ್ಬಳ್ಳಿಯವನು ನಗಿಸುತ್ತ ಹೇಳಿದ. ಬೆರಳು ನೆಕ್ಕುವುದನ್ನು ಅಭಿನಯಿಸಿ ತೋರಿಸುತ್ತಿದ್ದ. ನಾನೂ ಪಕ್ಕದಲ್ಲಿ ನಿಂತು ನಕ್ಕಿದ್ದೇನೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ.

ಬಿಸುವಿನ ಮರುದಿನ ಶನಿವಾರ ಬಂತು, ಹೋಯಿತು. ಮಾವ ಹೋಗಲಿಲ್ಲ.

ನನ್ನ ಜಾಕೆಟ್ಟನ್ನು ನಾನು ನಾಲ್ಕೈದು ಸಲ ಒಗೆದೆ. ಒಂದು ಭಾನುವಾರ ಮಶೀನಿನ ಮುಂದೆ ನಿಂತಿದ್ದಾಗ ಮಾವ ತಮ್ಮ ಬಟ್ಟೆಯ ಬುಟ್ಟಿ ಹಿಡಿದು ಬಂದರು. ಗಾಜಿನ ಬಾಗಿಲಲ್ಲಿ ಸುತ್ತುತ್ತಿದ್ದ ಬೂದು ಜಾಕೆಟ್ಟನ್ನು ಸ್ವಲ್ಪ ಹೊತ್ತು ನೋಡಿದರು.

"ಅದು ಹೋಗುದಿಲ್ಲ" ಎಂದರು ಮೆತ್ತಗೆ. "ಎಂಜಿನ್ ಎಣ್ಣೆ ಅದು. ಬಿಸಿನೀರು ಹಾಕಿದ್ರೆ ಇನ್ನೂ ಕೂತ್ಕೊಳ್ತದೆ."

ಬೈಯುವ ದನಿಯಲ್ಲ. ಒಗೆಯುವುದು ಹೇಗೆಂದು ಹೇಳಿಕೊಡುವ ದನಿ. ಆಗಲಾದರೂ ಹೇಳಬಹುದಿತ್ತು, ನಾವಿಬ್ಬರೇ ಇದ್ದೆವು. ನಾನು ಹೂಂ ಎಂದು ಜೇಬಿನಲ್ಲಿ ಚಿಲ್ಲರೆ ಹುಡುಕಿದೆ. ಆಮೇಲೂ ಅವರು ಎದುರು ಸಿಕ್ಕಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಿದ್ದರು. ನನ್ನ ಕೆಲಸ ಹೋದಾಗ ಮೇಲಿನಿಂದ ಇಳಿದು ಬಂದು, "ಮನೆಯಲ್ಲೇ ಕೂತ್ಕೊಳ್ಬೇಡಿ ಮಾರಾಯ್ರೆ. ಎಲ್ಲಿಗಾದ್ರೂ ಹೋಗಿ ಬನ್ನಿ. ಕೂತ್ರೆ ಮನುಷ್ಯ ತುಕ್ಕು ಹಿಡೀತಾನೆ" ಎಂದು ಹೇಳಿ ಹೋದರು. ಅವರ ಉಗುರಿನ ಸುತ್ತಲಿನ ಕಪ್ಪು ಆಗ ಮಾಯವಾಗಿತ್ತು. ಅಷ್ಟು ಶುಭ್ರವಾದ ಬೆರಳನ್ನು ಅವರ ಕೈಯಲ್ಲಿ ನೋಡಲು ನನಗೆ ಸಂಕಟವಾಯಿತು.

ನಾಲ್ಕು ವರ್ಷದ ಮೇಲೆ, ಒಂದು ನವೆಂಬರಿನಲ್ಲಿ, ಅವರು ಬಾಲ್ಕನಿಯ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಹೃದಯ ನಿಂತಿತ್ತು. ಬೂದಿಯನ್ನು ಕಡಲಿಗೆ ಬಿಡಬೇಕೆಂದು ಮಗಳು ಅಂದಾಗ ನನಗೆ ಆ ಮುದುಕಿಯೊಬ್ಬಳೇ ನೆನಪಾದಳು. ನಮ್ಮ ದೋಣಿಯನ್ನು ನಾವು ಯಾರಿಗೋ ದಾಟಿಸಿ ಎಷ್ಟೋ ಕಾಲವಾಗಿತ್ತು. ಮುದುಕಿ ವಿಷಯ ಕೇಳಿ, ಯಾವ ದಿನ ಎಂದಷ್ಟೇ ಕೇಳಿದಳು.

ಮುದುಕಿಯ ದೋಣಿಯಲ್ಲಿ ಮಗಳು ಬೂದಿಯ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂಬದಿಯ ಬೆಂಚಿನ ಮೇಲೆ ಕೂತರು. ಮುದುಕಿ ನನಗೆ ಒಳಗಿನಿಂದ ಕೀಲಿ ತರಲು ಹೇಳಿದಳು. ಎಲ್ಲಿದೆ ಎಂದು ಕೇಳಿದೆ. ಎಲ್ಲಿರಬೇಕೋ ಅಲ್ಲೇ ಎಂದಳು. ಮೆಟ್ಟಿಲು ಎತ್ತಿದೆ. ಮುಚ್ಚಿದ ವಾಲ್ವಿನ ಹಿಡಿಗೆ ಕೆಂಪು ದಾರದಲ್ಲಿ ಕೀಲಿ ನೇತಾಡುತ್ತಿತ್ತು.

ನಾನು ಮೇಲೆ ಬಂದಾಗ ಅವಳು ಮಗಳಿಗೆ ಹೇಳುತ್ತಿದ್ದಳು. "ಪ್ರತಿ ನವೆಂಬರಿನಲ್ಲಿ ಅವರು ತೋರಿಸಿದ ಹಾಗೇ ಮಾಡುತ್ತೇನೆ. ಎರಡು ಬಟ್ಟೆ, ಐದು ಬಕೆಟ್. ಅವತ್ತಿನಿಂದ ಇವತ್ತಿನವರೆಗೆ ಈ ಎಂಜಿನ್ ನನ್ನನ್ನು ಕೈಬಿಟ್ಟಿಲ್ಲ. ಅವರು ಎಂಜಿನ್ ಕೊಂದರು ಎಂದು ಈ ಕಟ್ಟೆಯ ಜನ ಹೇಳಿದ್ದನ್ನು ನಾನು ನಂಬಲಿಲ್ಲ. ಮತ್ತೆ ಬರುತ್ತಾರೆ ಎಂದು ಕಾದೆ. ಯಾಕೆ ಬರಲಿಲ್ಲ?"

ಮಗಳು ಮಡಕೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ನಾನು ಹೇಳಿದೆ. ನಿಂತೇ, ಕೀಲಿ ಕೈಯಲ್ಲಿ ಹಿಡಿದುಕೊಂಡೇ, ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಹಿಂದಿನ ಬಟ್ಟೆ ಮರೆತದ್ದು, ಕಿತ್ತದ್ದು, ಜೇಬಿಗೆ ಹಾಕಿಕೊಂಡದ್ದು, ಅವರು ಕೇಳಿದಾಗ ತೆಗೆದಿದ್ದೆ ಎಂದದ್ದು. ಮಾವನಿಗೆ ಗೊತ್ತಿತ್ತು ಎಂದೂ ಹೇಳಿದೆ. ಮುದುಕಿಗೆ ಭಾಷೆ ತಿಳಿಯದಿದ್ದರೂ ಮುಖ ತಿರುಗಿಸಿ ಹಗ್ಗ ಬಿಚ್ಚಲು ಹೋದಳು.

ಮಗಳು ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟನ್ನು ಬಿಗಿ ಮಾಡಿದರು.

"ಅವತ್ತು ಸಂಜೆ ಅಪ್ಪ ಮನೆಗೆ ಬಂದಾಗ ನಾನು ಏನಂದೆ ಗೊತ್ತುಂಟಾ ನಿಮ್ಗೆ?" ಎಂದರು. "ಇನ್ನು ಆ ಕಡೆ ಕಾಲು ಹಾಕ್ಬೇಡಿ, ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಹೋಯ್ತು ಅಂದೆ. 'ನಾನು ಮಾಡಿದ್ದಲ್ಲ ಮಗಾ' ಅಂತ ಒಂದು ಸಲ ಹೇಳಿದ್ರು. ಮತ್ತೆ ಯಾರು ಮಾಡಿದ್ದು ಅಂತ ಕೇಳಿದೆ. ಸುಮ್ಮನಾದ್ರು. ನಾನು ಅವರನ್ನು ನಂಬ್ಲಿಲ್ಲ."

ಮುದುಕಿ ಎರಡೂ ಬಟ್ಟೆ ತೆಗೆದು, ವಾಲ್ವು ತೆರೆದು, ನನ್ನ ಕೈಯಿಂದ ಕೀಲಿ ತೆಗೆದುಕೊಂಡಳು. ಎಂಜಿನ್ ಶುರುವಾಯಿತು. ಹಿಂಬದಿಯಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು.

"ನಾಲ್ಕು ವರ್ಷ, ಪ್ರತಿ ಶನಿವಾರ, ಶೇವ್ ಮಾಡಿಕೊಂಡು ಬಾಲ್ಕನಿಯಲ್ಲಿ ಬಂದು ಕೂತ್ಕೊಳ್ತಿದ್ರು" ಎಂದರು ಮಗಳು. "ಕೆಳಗೆ ನೀವು ಕಾರು ತೊಳೀತಿದ್ರಿ. ಯಾಕೆ ಹಾಗೆ ಕೂತ್ಕೊಳ್ತಿದ್ರು ಅಂತ ನಂಗೆ ಇವತ್ತು ಗೊತ್ತಾಯ್ತು. ನೀವು ಮೇಲೆ ಬಂದು ಹೇಳ್ತೀರಿ ಅಂತ ಕಾಯ್ತಿದ್ರು."

ದೋಣಿ ಕೊಲ್ಲಿಯ ನಡುವಿಗೆ ಬಂದು ನಿಂತಿತು. ಅಲೆಗೆ, ಎದ್ದು ನಿಂತ ಮಗಳ ಕಾಲು ತಡವರಿಸಿತು. ಮಡಕೆ ಹಿಡಿದುಕೊಳ್ಳಲು ನಾನು ಎರಡೂ ಕೈ ಚಾಚಿದೆ.

"ಬೇಡ" ಎಂದರು. "ನೀವು ಮುಟ್ಟಬೇಡಿ."